ಬಲಗಾಲಿನ ಒಂದು ಒದೆ, ಆಮೇಲೆ 1169 ದಿನ

ಜಾನಿ ವಿಲ್ಕಿನ್ಸನ್ ಎಡಗಾಲಿನ ಆಟಗಾರ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ರಗ್ಬಿ ಗೊತ್ತಿಲ್ಲದವರ ಕಿವಿಗೂ ಅವನ ಹೆಸರು ಬಿದ್ದಿದ್ದು ಬಲಗಾಲಿನ ಒಂದು ಒದೆಯಿಂದ.

2003ರ ನವೆಂಬರ್ 22, ಸಿಡ್ನಿ. ವಿಶ್ವಕಪ್ ಫೈನಲ್. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ತವರಿನ ಆಸ್ಟ್ರೇಲಿಯಾ. 80 ನಿಮಿಷದ ಆಟ 14-14ರಲ್ಲಿ ನಿಂತಿತು. ಹೆಚ್ಚುವರಿ 20 ನಿಮಿಷ ಶುರುವಾಯಿತು. ಅದೂ ಮುಗಿಯುತ್ತಾ ಬಂತು, ಸ್ಕೋರು 17-17. ಇನ್ನು 26 ಸೆಕೆಂಡ್ ಇದೆ ಅನ್ನುವಾಗ ಚೆಂಡು ಜಾನಿ ಕೈಗೆ ಬಂತು. ನೆಲಕ್ಕೆ ಬಿಟ್ಟ, ಪುಟಿಯುವ ಕ್ಷಣಕ್ಕೆ ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು. 20-17. ಉತ್ತರ ಗೋಳಾರ್ಧದ ತಂಡವೊಂದು ರಗ್ಬಿ ವಿಶ್ವಕಪ್ ಗೆದ್ದಿದ್ದು ಅದೇ ಮೊದಲು.

ಆಗ ಅವನಿಗೆ 24 ವರ್ಷ. ಮತ್ತೆ ಇಂಗ್ಲೆಂಡ್ ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಇಳಿಯುವಷ್ಟರಲ್ಲಿ 1169 ದಿನ ಕಳೆದುಹೋಗಿತ್ತು.

ವೃತ್ತಿಪರ ರಗ್ಬಿ ಆಟಗಾರನ ಬದುಕು ಹೇಗಿರುತ್ತದೆ ಅಂತ ಒಂದೇ ಪ್ರಕರಣದಲ್ಲಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸಾಮಾನ್ಯವಾಗಿ ಈ ಕಥೆಯನ್ನು ಹೀಗೆ ಹೇಳುತ್ತಾರೆ: ಪ್ರತಿಭೆಯ ಹುಡುಗ, ದೊಡ್ಡ ಗೆಲುವು, ಆಮೇಲೆ ದುರದೃಷ್ಟ, ಗಾಯದ ಮೇಲೆ ಗಾಯ. ಈ ‘ದುರದೃಷ್ಟ’ ಅನ್ನೋ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಯಾವ ಚಾಳಿ ಅವನನ್ನು ಸಿಡ್ನಿಗೆ ಕರೆದುಕೊಂಡು ಹೋಯಿತೋ, ಆಸ್ಪತ್ರೆಯ ಮಂಚಕ್ಕೆ ಕರೆದುಕೊಂಡು ಹೋದದ್ದೂ ಬಹುಪಾಲು ಅದೇ.

ಆಟದ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಅದರ ಬೆನ್ನಿಗೆ ಸಿಗುವ ಕನ್ವರ್ಷನ್ ಒದೆಗೆ 2. ಎದುರಾಳಿ ತಪ್ಪು ಮಾಡಿದರೆ ಸಿಗುವ ಪೆನಾಲ್ಟಿಗೆ 3. ಇವೆರಡಕ್ಕೂ ಚೆಂಡನ್ನು ನೆಲದ ಮೇಲೆ ನಿಲ್ಲಿಸಿಕೊಂಡು ನಿಧಾನವಾಗಿ ಒದೆಯಬಹುದು. ಡ್ರಾಪ್ ಗೋಲ್‌ಗೂ, ಅಂದರೆ ಜಾನಿ ಸಿಡ್ನಿಯಲ್ಲಿ ಒದ್ದಂಥದ್ದಕ್ಕೂ, 3 ಅಂಕವೇ. ಆದರೆ ಅದು ಓಡುವ ಆಟದ ನಡುವೆ, ಮೈಮೇಲೆ ಬೀಳಲು ನುಗ್ಗುತ್ತಿರುವವರ ಎದುರು ಆಗಬೇಕು. ಚೆಂಡು ಮೊಟ್ಟೆ ಆಕಾರದ್ದು ಬೇರೆ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಈ ಕೆಲಸ ಹೆಚ್ಚಾಗಿ 10ನೇ ನಂಬರಿನ ಫ್ಲೈ ಹಾಫ್ ಪಾಲಿಗೆ ಬರುತ್ತದೆ. ತಂಡದ ಆಟ ಎಡಕ್ಕೋ ಬಲಕ್ಕೋ, ಓಡಬೇಕೋ ಒದೆಯಬೇಕೋ ಅಂತ ನಿರ್ಧರಿಸುವವನೂ ಅವನೇ. ಜಾನಿ ಆ 10ನೇ ನಂಬರಿನವನು.

ಇಂಥ ಚೆಂಡನ್ನು, ಅಷ್ಟು ಒತ್ತಡದಲ್ಲಿ, ತನ್ನದಲ್ಲದ ಕಾಲಿನಿಂದ ಒದೆಯುವುದು ಅಂದರೆ? ಬಲಗೈ ಬ್ಯಾಟರ್ ಒಬ್ಬ ಫೈನಲ್‌ನ ಕೊನೆಯ ಎಸೆತಕ್ಕೆ ಎಡಗೈಗೆ ತಿರುಗಿ ನಿಂತು ಸಿಕ್ಸ್ ಎತ್ತಿದ ಹಾಗೆ ಅಂದುಕೊಳ್ಳಿ. ಅದೂ ಅದೇ ಪಂದ್ಯದಲ್ಲಿ ಮೂರು ಡ್ರಾಪ್ ಗೋಲ್ ತಪ್ಪಿಸಿಕೊಂಡ ಮೇಲೆ.

ಆ ಕೊನೆಯ ನಿಮಿಷವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಸ್ಟ್ರೇಲಿಯಾದ ಎಲ್ಟನ್ ಫ್ಲ್ಯಾಟ್ಲಿ ಪೆನಾಲ್ಟಿ ಒದ್ದು ಸಮ ಮಾಡಿ ಆಗಿದೆ. ಜಾನಿ ಉದ್ದಕ್ಕೆ ಒದ್ದು ಆಟ ಮತ್ತೆ ಶುರುಮಾಡಿದ. ಆಸ್ಟ್ರೇಲಿಯಾ ಚೆಂಡನ್ನು ಗೆರೆಯಾಚೆ ಹೊಡೆಯಿತು. ಇಂಗ್ಲೆಂಡ್‌ಗೆ ಲೈನ್‌ಔಟ್. ಅಂದರೆ ಗೆರೆಯಿಂದ ಚೆಂಡನ್ನು ಒಳಗೆ ಎಸೆಯಬೇಕು, ಎರಡೂ ತಂಡದವರು ಸಾಲಾಗಿ ನಿಂತು ಜಿಗಿಯುತ್ತಾರೆ. ಹತ್ತಿರದವನಿಗೆ ಎಸೆದರೆ ಸುಲಭ. ಸ್ಟೀವ್ ಥಾಂಪ್ಸನ್ ಎಸೆದಿದ್ದು ಸಾಲಿನ ತುದಿಯಲ್ಲಿದ್ದ ಲೂಯಿಸ್ ಮೂಡಿಗೆ. ತಪ್ಪಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿಂದ ಮೈಕ್ ಕ್ಯಾಟ್ ಚೆಂಡು ಹಿಡಿದು ಗೋಡೆಗೆ ನುಗ್ಗಿದ ಹಾಗೆ ನುಗ್ಗಿದ. ಸ್ಕ್ರಮ್ ಹಾಫ್ ಮ್ಯಾಟ್ ಡಾಸನ್‌ಗೆ ಸಂದು ಕಂಡಿತು, ಚೆಂಡು ಎತ್ತಿಕೊಂಡು ಓಡಿಬಿಟ್ಟ.

ಇಲ್ಲೊಂದು ತೊಂದರೆ ಆಯಿತು. ಜಾನಿಗೆ ಪಾಸ್ ಕೊಡಬೇಕಾದವನೇ ಡಾಸನ್. ಈಗ ಅವನು ಜನರ ರಾಶಿಯ ಅಡಿಯಲ್ಲಿದ್ದಾನೆ. ಆಗ ನಾಯಕ ಮಾರ್ಟಿನ್ ಜಾನ್ಸನ್ ಚೆಂಡು ತೆಗೆದುಕೊಂಡು ಇನ್ನೊಂದು ಸಲ ನುಗ್ಗಿದ. ಮುಂದಕ್ಕೆ ಹೋಗಿದ್ದು ಮೀಟರೋ ಎರಡು ಮೀಟರೋ. ಆದರೆ ಡಾಸನ್ ಎದ್ದು ತನ್ನ ಜಾಗಕ್ಕೆ ಬರಲು ಅಷ್ಟು ಹೊತ್ತು ಸಾಕಾಯಿತು. ನನ್ನ ಪ್ರಕಾರ ಆ ಫೈನಲ್‌ನ ಅತ್ಯಂತ ಬುದ್ಧಿವಂತ ಕೆಲಸ ಇದೇ. ಹೈಲೈಟ್ಸ್ ನೋಡುವವರು ಸುಮ್ನೆ ದಾಟಿ ಹೋಗುತ್ತಾರೆ. ಡಾಸನ್ ಪಾಸ್ ಕೊಟ್ಟ. ಜಾನಿ ಒದ್ದ. ಆಸ್ಟ್ರೇಲಿಯಾ ಆಟ ಮತ್ತೆ ಶುರುಮಾಡಿತು, ಟ್ರೆವರ್ ವುಡ್‌ಮನ್ ಹಿಡಿದ, ಕ್ಯಾಟ್ ಚೆಂಡನ್ನು ಹೊರಗೆ ಒದ್ದ, ರೆಫರಿ ಆಂಡ್ರೆ ವಾಟ್ಸನ್ ಸೀಟಿ ಊದಿದ.

ಈ ಸರಪಣಿಯನ್ನು ಅವರು ಮೊದಲೇ ಅಭ್ಯಾಸ ಮಾಡಿಟ್ಟಿದ್ದರು. ‘ಜಿಗ್‌ಜಾಗ್’ ಅಂತ ಅದಕ್ಕೊಂದು ಹೆಸರೂ ಇತ್ತು. ಬಲಗಾಲಿನ ಒದೆಯೂ ಹಾಗೇ, ಆ ಹೊತ್ತಿಗೆ ಹೊಳೆದ ಸಾಹಸವೇನಲ್ಲ. ವರ್ಷಗಟ್ಟಲೆ ಎರಡೂ ಕಾಲಲ್ಲಿ ಒದ್ದು ಒದ್ದು ಮಾಡಿಕೊಂಡದ್ದು.

ಆ ಅಭ್ಯಾಸದ ಕಥೆಗೆ ಬರೋಣ. ಯಾಕೆಂದರೆ ಪ್ರಕರಣದ ತಿರುಳು ಅಲ್ಲೇ ಇದೆ.

ಜಾನಿ ಹುಟ್ಟಿದ್ದು 1979ರ ಮೇ 25ರಂದು, ಸರ್ರೆಯ ಫ್ರಿಮ್ಲಿಯಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ಪಂದ್ಯದ ದಿನ ಬೆಳಗ್ಗೆ ಭಯಕ್ಕೆ ವಾಂತಿ ಆಗುತ್ತಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಸೋಲುವ ಭಯಕ್ಕಿಂತ ತಪ್ಪು ಮಾಡುವ ಭಯ. ಆ ಭಯಕ್ಕೆ ಅವನು ಕಂಡುಕೊಂಡ ಔಷಧಿ ಅಭ್ಯಾಸ. ಎಲ್ಲರೂ ಸ್ನಾನ ಮಾಡಿ ಮನೆಗೆ ಹೋದ ಮೇಲೂ ಇವನೊಬ್ಬ ಚೀಲದ ತುಂಬ ಚೆಂಡು ಇಟ್ಟುಕೊಂಡು ಮೈದಾನದಲ್ಲಿ. ಕ್ರಿಸ್‌ಮಸ್ ದಿನವೂ ಬಿಡುವಿಲ್ಲ. ಕೊನೆಗೆ ಸಾಲಾಗಿ ಇಷ್ಟು ಒದೆ ತನ್ನ ಮನಸ್ಸಿಗೆ ಒಪ್ಪುವ ಹಾಗೆ ಹೋಗಲೇಬೇಕು ಅಂತ ನಿಯಮ. ನಡುವೆ ಒಂದು ಸರಿಯಿಲ್ಲ ಅನಿಸಿದರೆ ಮತ್ತೆ ಒಂದರಿಂದ. ಚೆಂಡು ಕಂಬದ ಒಳಗೇ ಹೋಗಿದ್ದರೂ ಅಷ್ಟೇ! ಕಾಲಿಗೆ ತಾಗಿದ ರೀತಿ ಸರಿಯಿಲ್ಲ ಅನಿಸಿದರೆ ಅದು ಲೆಕ್ಕಕ್ಕಿಲ್ಲ.

ಒದೆ ಕಲಿಸುತ್ತಿದ್ದ ಕೋಚ್ ಡೇವ್ ಆಲ್ರೆಡ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಕಂಬಗಳ ಹಿಂದಿನ ಗ್ಯಾಲರಿಯಲ್ಲಿ ‘ಡೋರಿಸ್’ ಎಂಬ ಹೆಂಗಸು ಕೂತಿದ್ದಾಳೆ ಅಂದುಕೊಳ್ಳಬೇಕು. ಇಡೀ ಗೋಲು ಗುರಿಯಲ್ಲ, ಆ ಒಂದು ಕುರ್ಚಿ ಗುರಿ. ಅಷ್ಟು ಸಣ್ಣ ಗುರಿಗೆ ಒಗ್ಗಿದವನಿಗೆ ಎರಡು ಕಂಬದ ನಡುವಿನ ಜಾಗ ದೊಡ್ಡ ಹೆಬ್ಬಾಗಿಲು. ಒದೆಯುವ ಮುಂಚೆ ಮಂಡಿ ಸ್ವಲ್ಪ ಬಾಗಿಸಿ, ಎರಡೂ ಅಂಗೈ ಎದೆಯ ಮುಂದೆ ಜೋಡಿಸಿ ನಿಲ್ಲುವ ಅವನ ಭಂಗಿ ಇದೆಯಲ್ಲ, ಮುಂದೆ ಇಂಗ್ಲೆಂಡಿನ ಮಕ್ಕಳೆಲ್ಲ ಅನುಕರಿಸಿದ್ದು, ಅದೂ ಗದ್ದಲವನ್ನೆಲ್ಲ ಹೊರಗಿಟ್ಟು ಒಳಗೆ ಇಳಿಯುವ ದಾರಿಯೇ.

ನಾವು ಮಾತಾಡುತ್ತಿರುವ ಈ ರಗ್ಬಿ, ಅಂದರೆ ರಗ್ಬಿ ಯೂನಿಯನ್, ಅಧಿಕೃತವಾಗಿ ವೃತ್ತಿಪರ ಆಟವಾದದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ದೊಡ್ಡ ದೊಡ್ಡ ಆಟಗಾರರಿಗೂ ಇನ್ನೊಂದು ಕೆಲಸ ಇರುತ್ತಿತ್ತು. ಜಾನಿ ಶಾಲೆ ಮುಗಿಸುವ ಹೊತ್ತಿಗೆ ರಗ್ಬಿಯೇ ಕೆಲಸ ಆಗಬಹುದಿತ್ತು. ಡರಮ್ ವಿಶ್ವವಿದ್ಯಾಲಯದ ಸೀಟು ಬಿಟ್ಟು 1997ರಲ್ಲಿ ನ್ಯೂಕಾಸಲ್ ಫಾಲ್ಕನ್ಸ್ ಸೇರಿದ. ಅಲ್ಲಿ 10ನೇ ನಂಬರ್ ಹಾಕುತ್ತಿದ್ದವನು ರಾಬ್ ಆಂಡ್ರ್ಯೂ, ಇಂಗ್ಲೆಂಡಿನ ಹಳೇ ಹುಲಿ. ಮೊದಲ ಸೀಸನ್‌ನಲ್ಲೇ ಕ್ಲಬ್ ಲೀಗ್ ಗೆದ್ದಿತು. 1998ರ ಏಪ್ರಿಲ್‌ನಲ್ಲಿ, 18ನೇ ವಯಸ್ಸಿನಲ್ಲಿ, ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಇಂಗ್ಲೆಂಡ್ ಪರ ಇಳಿದ.

ಎರಡೇ ತಿಂಗಳಿಗೆ ಬ್ರಿಸ್ಬೇನ್. ಹಿರಿಯರು ಸುಮಾರು ಜನ ಪ್ರವಾಸಕ್ಕೆ ಬಂದಿರಲಿಲ್ಲ. ಹುಡುಗನಿಗೆ 10ನೇ ನಂಬರ್ ಕೊಟ್ಟು ಆಸ್ಟ್ರೇಲಿಯಾ ಎದುರು ನಿಲ್ಲಿಸಿದರು. ಫಲಿತಾಂಶ 76-0. ಸೊನ್ನೆ ಇಂಗ್ಲೆಂಡಿನದು. ಬೇರೆ ಹುಡುಗನಾಗಿದ್ದರೆ ನಾಲ್ಕು ದಿನ ಅತ್ತು, ಆಮೇಲೆ ‘ಹೋಗ್ಲಿ ಬಿಡು, ತಂಡವೇ ಹಾಗಿತ್ತು’ ಅಂದುಕೊಳ್ಳುತ್ತಿದ್ದನೇನೋ. ಇವನು ಇನ್ನೂ ಜಾಸ್ತಿ ಚೆಂಡು ತುಂಬಿಕೊಂಡು ಮೈದಾನಕ್ಕೆ ಹೋದ.

ಚಾಳಿ ಬರೀ ಒದೆಯುವುದರಲ್ಲಿ ಇದ್ದಿದ್ದರೆ ಮೈ ಅಷ್ಟು ಹಾಳಾಗುತ್ತಿರಲಿಲ್ಲ. ಟ್ಯಾಕಲ್‌ನಲ್ಲೂ ಅದೇ ಹಟ. ಹಿಂದಿನ ಕಾಲದ ಫ್ಲೈ ಹಾಫ್‌ಗಳು ಎದುರಾಳಿಯನ್ನು ಕೆಡವುವ ಒರಟು ಕೆಲಸವನ್ನು ಪಕ್ಕದವರಿಗೆ ಬಿಟ್ಟು ಅಂಗಿ ಕೊಳೆಯಾಗದ ಹಾಗೆ ಇರುತ್ತಿದ್ದರು. ಹೇಗೂ ತಂಡಕ್ಕೆ ಬೇಕಾಗಿದ್ದದ್ದು ಅವರ ಕಾಲು, ತಲೆ. ಜಾನಿ ಹಾಗಲ್ಲ. ತನಗಿಂತ 20-30 ಕಿಲೋ ಜಾಸ್ತಿ ಇರುವವನು ಓಡಿಬರುತ್ತಿದ್ದರೂ ಭುಜ ಕೊಟ್ಟು ಎದುರು ನಿಲ್ಲುತ್ತಿದ್ದ. ಜನಕ್ಕೆ ಬಹಳ ಇಷ್ಟವಾಯಿತು. ಕುತ್ತಿಗೆಯ ನರಗಳಿಗೆ ಮಾತ್ರ ಇಷ್ಟವಾಗಲಿಲ್ಲ. ಭುಜಕ್ಕೆ ಪೆಟ್ಟು ಬಿದ್ದಾಗೆಲ್ಲ ತೋಳಿನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುವುದಕ್ಕೆ ರಗ್ಬಿಯಲ್ಲಿ ‘ಸ್ಟಿಂಗರ್’ ಅನ್ನುತ್ತಾರೆ. ಅದು ಅವನಿಗೆ ಮಾಮೂಲಿ ಆಯಿತು.

2003ರಲ್ಲಿ ಈ ಎಲ್ಲದರ ಫಲ ಬಂತು. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಅಂಕ ಅವನದೇ, 113. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ ಗಳಿಸಿದ 24 ಅಂಕವೂ ಅವನೊಬ್ಬನ ಕಾಲಿನಿಂದ ಬಂದದ್ದು. ಐದು ಪೆನಾಲ್ಟಿ, ಮೂರು ಡ್ರಾಪ್ ಗೋಲ್. ಫೈನಲ್ ಕಥೆ ಗೊತ್ತೇ ಇದೆ.

ಫೈನಲ್ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಅವನು ಮತ್ತೆ ಕ್ಲಬ್ ಪರ ಆಡುತ್ತಿದ್ದ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲೆಂಡಿನಲ್ಲಿ ರಗ್ಬಿ ಆಟಗಾರನಿಗೆ ತಿಂಗಳ ಸಂಬಳ ಕೊಡುವುದು ಕ್ಲಬ್. ದೇಶ ಕರೆದಾಗ ಹೋಗಿ ಬಂದರೂ ಅನ್ನ ಕೊಡುವ ಮನೆ ಅದೇ. ವಿಶ್ವಕಪ್ ಗೆದ್ದ ಮೈ ಅಂತ ಯಾರೂ ಅದನ್ನು ಆರು ತಿಂಗಳು ಕಪಾಟಿನಲ್ಲಿ ಇಡುವುದಿಲ್ಲ. ಜಾನಿಯಂಥವನಂತೂ ‘ಇಡಿ’ ಅಂತ ಕೇಳುವವನಲ್ಲ. ಡಿಸೆಂಬರ್ ಕೊನೆಯಲ್ಲಿ ನಾರ್ಥಾಂಪ್ಟನ್ ಎದುರಿನ ಪಂದ್ಯದಲ್ಲಿ ಭುಜಕ್ಕೆ ಪೆಟ್ಟು. ಮೂಲ ಕುತ್ತಿಗೆಯಲ್ಲಿತ್ತು. 2004ರ ಆರಂಭದಲ್ಲಿ ಆಪರೇಷನ್.

ಅಲ್ಲಿಂದ ಮುಂದಿನದು ಒಂದು ಆಸ್ಪತ್ರೆಯ ದಿನಚರಿ. 2004ರ ಅಕ್ಟೋಬರ್‌ನಲ್ಲಿ ಅವನನ್ನು ಇಂಗ್ಲೆಂಡ್ ನಾಯಕ ಅಂತ ಘೋಷಿಸಿದರು. ಒಂದು ಪಂದ್ಯ ಆಡಿಸುವ ಮುಂಚೆಯೇ ತೋಳಿನ ಸ್ನಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿತು, ನಾಯಕತ್ವ ಕಾಗದದ ಮೇಲೇ ಉಳಿಯಿತು. 2005ರ ಜನವರಿಯಲ್ಲಿ ಮಂಡಿಯ ಲಿಗಮೆಂಟ್. ಮಾರ್ಚ್‌ನಲ್ಲಿ ವಾಪಸ್ ಬಂದ, ಅದೇ ಮಂಡಿ ಮತ್ತೆ ಹೋಯಿತು. ಆ ವರ್ಷ ಬ್ರಿಟನ್, ಐರ್ಲೆಂಡ್‌ಗಳ ಆಯ್ದ ಆಟಗಾರರ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡದ ಜೊತೆ ನ್ಯೂಜಿಲೆಂಡ್‌ಗೆ ಹೋಗಿ ಎರಡು ಟೆಸ್ಟ್ ಆಡಿದ, ಎರಡನೆಯದರಲ್ಲಿ ಮತ್ತೆ ಭುಜ. ಆಮೇಲೆ ಅಪೆಂಡಿಕ್ಸ್. ಆಮೇಲೆ ತೊಡೆಸಂದು. ಮತ್ತೆ ಮಂಡಿ. 2006ರ ನವೆಂಬರ್‌ನಲ್ಲಿ ಕಿಡ್ನಿಗೇ ಪೆಟ್ಟು. ಅಪೆಂಡಿಕ್ಸ್ ಒಂದನ್ನು ಬೇಕಾದರೆ ಹಣೆಬರಹ ಅನ್ನೋಣ.

ಉಳಿದದ್ದಕ್ಕೆ ಎರಡು ಕಾರಣ ಕಾಣುತ್ತದೆ. ಒಂದು, ಒಂದು ಕಡೆ ನೋವಿದ್ದಾಗ ಮೈ ಅದನ್ನು ಕಾಪಾಡಲು ಹೋಗಿ ಇನ್ನೊಂದು ಕಡೆ ಭಾರ ಹಾಕುತ್ತದೆ. ತಿಂಗಳುಗಟ್ಟಲೆ ಪಂದ್ಯದ ಪೆಟ್ಟು ತಿನ್ನದ ಮೈ, ವಾಪಸ್ ಬಂದ ಮೊದಲ ವಾರಗಳಲ್ಲಿ ಹಸಿ ಮಡಕೆ ಇದ್ದ ಹಾಗೆ. ಇನ್ನೊಂದು ಕಾರಣ ಅವನೇ. ನಿಧಾನ ಅನ್ನೋ ಪದ ಅವನ ನಿಘಂಟಿನಲ್ಲಿ ಇರಲಿಲ್ಲ. ಗಾಯಗೊಂಡವನು ಸುಧಾರಿಸಿಕೊಳ್ಳುವ ಕೆಲಸವನ್ನೂ ಆ ಒದೆಯ ಲೆಕ್ಕದ ಹಾಗೇ ಮಾಡುತ್ತಿದ್ದ. ಇಷ್ಟು ಗಂಟೆ, ಇಷ್ಟು ಸಲ, ಒಂದು ತಪ್ಪಿದರೆ ಮತ್ತೆ ಮೊದಲಿಂದ. ಎಲುಬು, ಸ್ನಾಯು ಹಟಕ್ಕೆ ಬಗ್ಗುವುದಿಲ್ಲವಲ್ಲ.

ಮೈಗಿಂತ ಕೆಟ್ಟದ್ದು ಮನಸ್ಸಿನ ಕಥೆ. ಇದನ್ನೂ ಅವನು ಮುಚ್ಚಿಟ್ಟಿಲ್ಲ. ಚಿಕ್ಕಂದಿನಿಂದ ಕಂಡ ಕನಸು 24ಕ್ಕೇ ನನಸಾಗಿಬಿಟ್ಟಿತು. ಮುಂದೇನು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಭಯಕ್ಕೆ ಔಷಧಿಯಾಗಿದ್ದ ಮೈದಾನವೂ ಕೈತಪ್ಪಿತು. ಆತಂಕ, ಖಿನ್ನತೆ, ಎಲ್ಲ ಬಂತು. ಬೌದ್ಧರ ವಿಚಾರ ಓದಿದ, ಕ್ವಾಂಟಮ್ ಭೌತಶಾಸ್ತ್ರ ಓದಿದ. ಕೇಳಿದವರು ನಕ್ಕಿದ್ದೂ ಉಂಟು. ‘ಎಲ್ಲವೂ ನನ್ನ ಹಿಡಿತದಲ್ಲೇ ಇರಬೇಕು’ ಅಂತ ಬದುಕಿದವನಿಗೆ, ಹಿಡಿತ ಅನ್ನುವುದೇ ಅಷ್ಟು ಗಟ್ಟಿಯಲ್ಲ ಅಂತ ಹೇಳುವ ಪುಸ್ತಕ ಹಿಡಿಸಿದ್ದರಲ್ಲಿ ನನಗೇನೂ ನಗು ಬರುವುದಿಲ್ಲ.

2007ರ ಫೆಬ್ರವರಿ 3. ಇಂಗ್ಲೆಂಡಿನ ತವರು ಮೈದಾನ ಟ್ವಿಕನಮ್, ಎದುರಾಳಿ ಸ್ಕಾಟ್ಲೆಂಡ್. 1169 ದಿನಗಳ ನಂತರ ಅದೇ 10ನೇ ನಂಬರ್. ಕೈಯಲ್ಲಿ ಹೇಳಿಕೊಳ್ಳುವಷ್ಟು ಪಂದ್ಯಗಳ ಅಭ್ಯಾಸವೂ ಇಲ್ಲ. ಅವತ್ತು 27 ಅಂಕ ಬಾರಿಸಿದ. ಐದು ಪೆನಾಲ್ಟಿ, ಎರಡು ಕನ್ವರ್ಷನ್, ಒಂದು ಡ್ರಾಪ್ ಗೋಲ್, ಮೂಲೆಯಲ್ಲೊಂದು ಟ್ರೈ. ಅಂಕ ಗಳಿಸುವ ನಾಲ್ಕೂ ದಾರಿ ಒಂದೇ ಪಂದ್ಯದಲ್ಲಿ. ಇಂಗ್ಲೆಂಡ್ 42-20ರಿಂದ ಗೆದ್ದಿತು. ಆ ವರ್ಷದ ವಿಶ್ವಕಪ್‌ನಲ್ಲಿ ತಂಡ ಕುಂಟುತ್ತಾ ಫೈನಲ್‌ವರೆಗೂ ಹೋಯಿತು. ಅಕ್ಟೋಬರ್ 20ರಂದು ಪ್ಯಾರಿಸ್ ಹತ್ತಿರದ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ 15, ಇಂಗ್ಲೆಂಡ್ 6. ಆ ಆರೂ ಜಾನಿಯ ಎರಡು ಪೆನಾಲ್ಟಿ.

2008ರಲ್ಲಿ ಮಂಡಿಚಿಪ್ಪು ಜಾರಿತು. ಮತ್ತೊಂದು ಸೀಸನ್ ಹೆಚ್ಚುಕಡಿಮೆ ಹೋಯಿತು. 2009ರಲ್ಲಿ, ಹನ್ನೆರಡು ವರ್ಷ ಇದ್ದ ನ್ಯೂಕಾಸಲ್ ಬಿಟ್ಟು ಫ್ರಾನ್ಸ್‌ನ ದಕ್ಷಿಣ ಕರಾವಳಿಯ ತೂಲೋಂ ಕ್ಲಬ್ ಸೇರಿದ. 30 ವರ್ಷ, ಆಪರೇಷನ್‌ಗಳ ಪಟ್ಟಿ ಮಾರುದ್ದ. ಸಾಹುಕಾರ ಕ್ಲಬ್‌ನಲ್ಲಿ ಕೊನೆಯ ಸಂಬಳ ಎಣಿಸಲು ಹೋದ ಅಂತ ಅನಿಸುವುದು ಸಹಜ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗಿದ್ದೇ ಬೇರೆ. ತೂಲೋಂ ಮಾಲೀಕ ಮುರಾದ್ ಬುಜೆಲಾಲ್ ಜಗತ್ತಿನ ಎಲ್ಲ ಕಡೆಯಿಂದ ದೊಡ್ಡ ಆಟಗಾರರನ್ನು ಕರೆತರುತ್ತಿದ್ದರು. ದಕ್ಷಿಣ ಆಫ್ರಿಕಾದ ಬ್ಯಾಕಿಸ್ ಬೋಥಾ, ಆಸ್ಟ್ರೇಲಿಯಾದ ಮ್ಯಾಟ್ ಗಿಟೋ, ನ್ಯೂಜಿಲೆಂಡಿನ ಕಾರ್ಲ್ ಹೇಮನ್. ನ್ಯೂಕಾಸಲ್‌ನಲ್ಲಿ ಎಲ್ಲರ ಕಣ್ಣೂ ಇವನ ಮೇಲೆ. ಇವನು ಆಡಿದರೆ ತಂಡ, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗೆ. ಇಲ್ಲಿ ಅಕ್ಕಪಕ್ಕ ಇದ್ದವರೆಲ್ಲ ತಮ್ಮ ತಮ್ಮ ದೇಶದಲ್ಲಿ ದೊಡ್ಡ ಹೆಸರು. ಹೆಗಲ ಮೇಲಿನ ಭಾರ ಹಂಚಿಹೋಯಿತು. ಊಟ, ಬಿಸಿಲು, ಭಾಷೆ ಎಲ್ಲ ಹೊಸದು. ಅವನು ಫ್ರೆಂಚ್ ಕಲಿತ, ಪತ್ರಕರ್ತರಿಗೆ ಫ್ರೆಂಚ್‌ನಲ್ಲೇ ಉತ್ತರ ಕೊಡುತ್ತಿದ್ದ. ಅಭ್ಯಾಸದ ಹುಚ್ಚು ಬಿಟ್ಟುಹೋಯಿತು ಅಂದರೆ ಅದು ಸುಳ್ಳು. ಆದರೆ ಸಾಲಾಗಿ ಆಡತೊಡಗಿದ. ವರ್ಷಾನುಗಟ್ಟಲೆ ಆಗದಿದ್ದ ಕೆಲಸ ಅದು.

ಇಂಗ್ಲೆಂಡ್ ಕಡೆಯ ಕಥೆ ಮಾತ್ರ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. 2011ರ ವಿಶ್ವಕಪ್‌ನಲ್ಲಿ ಅವನ ಒದೆಗಳು ಕೈಕೊಟ್ಟವು. ಅರ್ಜೆಂಟೀನಾ ವಿರುದ್ಧ ಎಂಟರಲ್ಲಿ ಐದು ಹೊರಗೆ. ರುಮೇನಿಯಾ ಪಂದ್ಯದಲ್ಲಿ ಕನ್ವರ್ಷನ್‌ಗೆ ಬೇರೆ ಚೆಂಡು ಬದಲಾಯಿಸಿಕೊಟ್ಟರು ಅಂತ ತಂಡದ ಇಬ್ಬರು ಸಿಬ್ಬಂದಿಯನ್ನು ಇಂಗ್ಲೆಂಡಿನ ಮಂಡಳಿಯೇ ಮುಂದಿನ ಪಂದ್ಯದಿಂದ ಹೊರಗಿಟ್ಟಿತು. ಟ್ರೈ ಆದ ಚೆಂಡಿನಿಂದಲೇ ಕನ್ವರ್ಷನ್ ಒದೆಯಬೇಕು ಅನ್ನುವುದು ನಿಯಮ. ಚೆಂಡಿನ ಕೈಹಿಡಿತ, ಭಾರ, ಒಂದೊಂದಕ್ಕೂ ವ್ಯತ್ಯಾಸ ಕಾಣುವಷ್ಟು ಸೂಕ್ಷ್ಮ ಆದಾಗ ಮನುಷ್ಯ ಇಂಥ ಕಡೆಗೂ ಜಾರುತ್ತಾನೆ. ಅದೇ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ. ಇಂಗ್ಲೆಂಡ್ ಪರ 91 ಪಂದ್ಯ, 1179 ಅಂಕ. ಮಧ್ಯದ ಮೂರು ವರ್ಷ ಸೇರಿದ್ದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ.

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದಾದ ಮೇಲಿನದು. ದೇಶದ ಭಾರ ಇಳಿದ ಮೇಲೆ, 33-34ರ ವಯಸ್ಸಿನಲ್ಲಿ ಅವನು ಆಡಿದ ಆಟ. 2013ರ ಏಪ್ರಿಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ಹೈನೆಕೆನ್ ಕಪ್‌ನ ಸೆಮಿಫೈನಲ್. ಮೈದಾನ ಅದೇ ಟ್ವಿಕನಮ್, ಎದುರಾಳಿ ಇಂಗ್ಲೆಂಡಿನ ಸರಸೆನ್ಸ್. ತೂಲೋಂ 24, ಸರಸೆನ್ಸ್ 12. ಆ 24ರಲ್ಲಿ ಒಂದೊಂದು ಅಂಕವೂ ಜಾನಿಯದು. ಏಳು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ಡ್ರಾಪ್ ಗೋಲ್ ಒದೆಯುವಾಗ ತಡೆಯಲು ಕೈಚಾಚಿ ಓಡಿಬಂದವನು ಓವನ್ ಫ್ಯಾರೆಲ್, ಆಗ ಇಂಗ್ಲೆಂಡ್ 10ನೇ ನಂಬರಿನ ಹೊಸ ಹುಡುಗ. ಹತ್ತು ವರ್ಷದ ಹಿಂದೆ ವಿಶ್ವಕಪ್ ಸೆಮಿಫೈನಲ್‌ನಲ್ಲೂ ಜಾನಿಯದು 24ಕ್ಕೆ 24 ಇತ್ತು ಅಲ್ವಾ? ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ಕ್ಲೆರ್ಮೋಂ ವಿರುದ್ಧ 16-15ರಿಂದ ಕಪ್ ತೂಲೋಂಗೆ ಬಂತು.

2003ರ ಒದೆಗಿಂತ ಇದು ದೊಡ್ಡದು ಅಂದರೆ ಇಂಗ್ಲೆಂಡಿನವರು ಜಗಳಕ್ಕೆ ಬರಬಹುದು. ಪಕ್ಕದಲ್ಲಿ ಅಷ್ಟು ಘಟಾನುಘಟಿಗಳಿದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅನ್ನಬಹುದು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೂ 24ರ ಹುಡುಗ ಗೆದ್ದದ್ದು ಮುರಿಯದ ಮೈಯಿಂದ. ಇವನು ಗೆದ್ದದ್ದು ಆರೇಳು ಕಡೆ ಹೊಲಿದು ಜೋಡಿಸಿದ ಮೈಯಿಂದ.

2014ರ ಮೇ ತಿಂಗಳು ಅವನ ಕೊನೆಯದು. 24ರಂದು ಕಾರ್ಡಿಫ್‌ನಲ್ಲಿ ಮತ್ತೆ ಸರಸೆನ್ಸ್, 23-6ಕ್ಕೆ ಎರಡನೇ ಸಲ ಹೈನೆಕೆನ್ ಕಪ್. ಮರುದಿನ 35 ತುಂಬಿತು. ಒಂದು ವಾರ ಕಳೆದು, 31ರಂದು, ಫ್ರೆಂಚ್ ಲೀಗ್ ಫೈನಲ್. ಹಿಂದಿನ ಎರಡು ವರ್ಷ ಇದೇ ಫೈನಲ್‌ನಲ್ಲಿ ತೂಲೋಂ ಸೋತಿತ್ತು, ಒಮ್ಮೆ ತೂಲೂಸ್‌ಗೆ, ಒಮ್ಮೆ ಕಾಸ್ತ್ರ್‌ಗೆ. ಈ ಸಲವೂ ಎದುರಿಗೆ ಕಾಸ್ತ್ರ್. ಮೈದಾನ ಸ್ಟಾಡ್ ಡಿ ಫ್ರಾನ್ಸ್, ಏಳು ವರ್ಷದ ಹಿಂದೆ ಬರೀ ಎರಡು ಪೆನಾಲ್ಟಿ ಹಿಡಿದುಕೊಂಡು ಸೋತು ಹೋದ ಜಾಗ.

ತೂಲೋಂ 18, ಕಾಸ್ತ್ರ್ 10. ಮೂರು ಅಂಕ ಡೆಲನ್ ಆರ್ಮಿಟೇಜ್ ದೂರದಿಂದ ಒದ್ದ ಪೆನಾಲ್ಟಿಯದು. ಉಳಿದ 15 ಜಾನಿಯವು. ನಾಲ್ಕು ಪೆನಾಲ್ಟಿ, ಒಂದು ಡ್ರಾಪ್ ಗೋಲ್.